ಕಾಯಲು ಹೇಳುವವರು ಏನು ಕೊಡುತ್ತೀರಿ?

ನನ್ನ ಚಿಕ್ಕಮ್ಮನ ಮಗ ಕಬಡ್ಡಿ ಆಡುತ್ತಾನೆ. ವಯಸ್ಸು 20. ಮನೆ ಮೊಳಕಾಲ್ಮೂರಿನಲ್ಲಿ, ಕಾಲೇಜು ಚಳ್ಳಕೆರೆಯಲ್ಲಿ, ಬಿ.ಎ. ನಾಲ್ಕನೇ ಸೆಮಿಸ್ಟರ್. ಹೋದ ಗಣೇಶನ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಅವನ ದಾಳಿ ನೋಡಿದ ಹೊರಜಿಲ್ಲೆಯ ತರಬೇತುದಾರರೊಬ್ಬರು ಫೋನ್ ನಂಬರ್ ಬರೆದುಕೊಂಡು ಹೋಗಿದ್ದರು. ಈಗ ಕರೆ ಬಂದಿದೆ. ಅಕಾಡೆಮಿಗೆ ಬಂದು ಉಳಿಯಬೇಕು, ಊಟ-ವಸತಿ ಅವರದು, ವರ್ಷಪೂರ್ತಿ ಮ್ಯಾಟ್ ಮೇಲೆ ಅಭ್ಯಾಸ, ಆಮೇಲೆ ಪ್ರೊ ಕಬಡ್ಡಿ ತಂಡಗಳ ಆಯ್ಕೆ ಟ್ರಯಲ್ಸ್. ಕಾಲೇಜು ಬಿಡಬೇಕು.

"ಅಕ್ಕ, ಹೋಗ್ಲೋ ಬ್ಯಾಡ್ವೋ?" ಎಂದು ಕೇಳಿದ. ಪಿಎಚ್.ಡಿ. ಮಾಡುತ್ತಿದ್ದೇನೆಂಬ ಒಂದೇ ಕಾರಣಕ್ಕೆ ನಮ್ಮ ಮನೆಯ ಇಂಥ ಪ್ರಶ್ನೆಗಳೆಲ್ಲ ನನ್ನ ಬಳಿಗೆ ಬರುತ್ತವೆ. ನಾನೂ ಎಲ್ಲರಂತೆ, "ಮೊದ್ಲು ಡಿಗ್ರಿ ಮುಗ್ಸು, ಆಟ ಎಲ್ಲಿಗೂ ಓಡಿ ಹೋಗಲ್ಲ" ಅಂದೆ. ಫೋನಿಟ್ಟ ಮೇಲೆ ಆ ಮಾತು ನನಗೇ ಸುಳ್ಳೆನಿಸಿತು. ಈ ಬರಹ ಆ ಮಾತಿನ ವಿರುದ್ಧ, ಅದನ್ನು ಸಲೀಸಾಗಿ ಆಡುವ ನಮ್ಮೆಲ್ಲರ ವಿರುದ್ಧ.

ಆಟ ಓಡಿ ಹೋಗುತ್ತದೆ. 28ರ ನಾನು ಸಂಶೋಧನೆಯಲ್ಲಿ ಇನ್ನೂ ಎಳಸು. ಕಬಡ್ಡಿ ಅಂಕಣದಲ್ಲಿ 28 ಎಂದರೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಹಿರಿಯ. ನಾನು ಎರಡು ವರ್ಷ ತಡ ಮಾಡಿದರೆ ಮಾರ್ಗದರ್ಶಕರು ಗೊಣಗಬಹುದು, ಅಷ್ಟೇ. ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟಿಗೆ ಒಗ್ಗಬೇಕಾದ ಎರಡು ವರ್ಷ ಅವನಿಗೆ ಮತ್ತೆ ಸಿಗುವುದಿಲ್ಲ.

ಇನ್ನು ಅವನನ್ನು ಕಾಯಲು ಹೇಳುತ್ತಿರುವವರು ಯಾರು? ಮೊದಲನೆಯದು ಅವನ ಕಾಲೇಜು. ಪ್ರವೇಶದ ಸಮಯದಲ್ಲಿ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅವನು ಟ್ರೋಫಿ ಹಿಡಿದು ನಿಂತಿದ್ದ. ಅದೇ ಟ್ರೋಫಿಗಾಗಿ ಊರೂರು ಸುತ್ತಿದ ದಿನಗಳಲ್ಲಿ ತಪ್ಪಿಹೋದ ಆಂತರಿಕ ಪರೀಕ್ಷೆಯ ಅಂಕಗಳನ್ನು ಮಾತ್ರ ಯಾರೂ ಕೊಡಲಿಲ್ಲ. ಕಳೆದ ವರ್ಷ ಅವನ ತಂಡದ ಕಾರ್ನರ್ ಹುಡುಗನ ಮೊಣಕಾಲು ಆಟದಲ್ಲೇ ತಿರುಚಿತು. ಆಪರೇಷನ್ನಿಗೆ ಹುಡುಗರೇ ಚಂದಾ ಎತ್ತಿದರು, ಒಂದು ಹಳ್ಳಿಯ ಪಂದ್ಯದಲ್ಲಿ ಬಹುಮಾನವಾಗಿ ಗೆದ್ದ ಟಗರನ್ನೂ ಮಾರಿದರು. ಅಂದರೆ ದೇಹವನ್ನು ಪಣಕ್ಕಿಡುವ ಕೆಲಸ ಆಗಲೇ ಶುರುವಾಗಿದೆ. ಕಾಲೇಜಿಗಾಗಿ ಪುಕ್ಕಟೆ ಆಡಿದರೆ ಅದು ಕ್ರೀಡಾ ಮನೋಭಾವ, ದುಡ್ಡಿಗಾಗಿ ಆಡಲು ಹೊರಟರೆ ಆತುರ!

ಎರಡನೆಯವರು ಅವನ ಮೇಷ್ಟ್ರುಗಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಿಂತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ವಾರಗಟ್ಟಲೆ ಮುಷ್ಕರ ಕೂತವರು. ಎಂ.ಎ., ನೆಟ್, ಪಿಎಚ್.ಡಿ. ಎಲ್ಲ ಮುಗಿಸಿಯೂ ವರ್ಷವರ್ಷ ಮರುನೇಮಕಕ್ಕೆ ಕಾಯುವವರು ಹುಡುಗನಿಗೆ 'ಡಿಗ್ರಿಯೇ ಭದ್ರತೆ' ಎನ್ನುವಾಗ ಅವರ ದನಿ ನಡುಗುವುದಿಲ್ಲವೇ? ನಾಳೆ ನಾನೂ ಅದೇ ಸಾಲಿನಲ್ಲಿ ನಿಲ್ಲುವವಳು. ಫೆಲೋಶಿಪ್ ನಂಬಿ ಐದು ವರ್ಷ ಕಳೆಯುವುದು ಜೂಜಲ್ಲವೇ? ಅದನ್ನು ಯಾರೂ ಜೂಜು ಅನ್ನುವುದಿಲ್ಲ, ಕೈಯಲ್ಲಿ ಪುಸ್ತಕ ಇದೆಯಲ್ಲ.

ನಮ್ಮ ಎರಡು ತಾಲ್ಲೂಕುಗಳಲ್ಲಿ ಒಂದು ಬಿ.ಎ. ಏನು ತಂದುಕೊಡುತ್ತದೆ ಎಂಬುದನ್ನೂ ನೋಡಿ. ಮಳೆ ಕೈಕೊಟ್ಟರೆ ಶೇಂಗಾ ಇಲ್ಲ, ಶೇಂಗಾ ಇಲ್ಲದಿದ್ದರೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಹಮಾಲಿಯೂ ಇಲ್ಲ. ಚಿಕ್ಕಪ್ಪ ಮಗ್ಗದ ಗುಂಡಿಯಲ್ಲಿ ಕೂತು ನೇಯುವ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ಮಗನನ್ನು ಆ ಗುಂಡಿಗೆ ಇಳಿಸುವ ಮನಸ್ಸು ಮಾತ್ರ ಅವನಿಗೆ ಬಂದಿಲ್ಲ. ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಡಿ.ಆರ್.ಡಿ.ಓ., ಐ.ಐ.ಎಸ್ಸಿ. ಎದ್ದು ನಿಂತಿವೆ. ಆ ಕಾಂಪೌಂಡಿನೊಳಗೆ ಮೊಳಕಾಲ್ಮೂರಿನ ಬಿ.ಎ.ಗೆ ಏನು ಕೆಲಸ?

ಹಿಂದೆ ಕಬಡ್ಡಿ ಆಡುವವರಿಗೆ ಇನ್ನೊಂದು ದಾರಿಯಿತ್ತು. ಚೆನ್ನಾಗಿ ಆಡಿದರೆ ಕ್ರೀಡಾ ಕೋಟಾದಲ್ಲಿ ಬ್ಯಾಂಕೋ ರೈಲ್ವೆಯೋ ಪೊಲೀಸೋ ಕರೆಯುತ್ತಿತ್ತು. ಆಟ ಮುಗಿದ ಮೇಲೂ ಕೌಂಟರಿನ ಹಿಂದೆ ಒಂದು ಕುರ್ಚಿ ಇರುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿಹೋಯಿತು, 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿತು. ಆ ಹೆಸರಿನ ಜೆರ್ಸಿ ತೊಟ್ಟು ಆಡುವ ಕನಸು ಅಲ್ಲಿಗೆ ಮುಗಿಯಿತು. ವಿಲೀನದ ಬಗ್ಗೆ ನಾವು ಭಾಷೆಯ, ಅಸ್ಮಿತೆಯ ಲೇಖನಗಳನ್ನು ಬರೆದೆವು. ಹಳ್ಳಿಯ ರೈಡರ್ ಒಬ್ಬನ ಕುರ್ಚಿಯೂ ಹೋಯಿತು ಎಂದು ಬರೆದದ್ದು ನನಗೆ ನೆನಪಿಲ್ಲ.

ಹಾಗಂತ ಲೀಗನ್ನು ಸ್ವರ್ಗ ಎನ್ನುತ್ತಿಲ್ಲ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ ಈಗ 12 ತಂಡಗಳು, ಒಂದೊಂದರಲ್ಲಿ ಹೆಚ್ಚೆಂದರೆ 25 ಜನ. ವಿದೇಶಿಯರನ್ನೂ ಸೇರಿಸಿ 300 ಜಾಗ, ಇಡೀ ದೇಶಕ್ಕೆ. ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯ ಫೈನಲ್ಲಿನಲ್ಲಿ 22 ಅಂಕ ತಂದು ಕಪ್ ಗೆಲ್ಲಿಸಿದ ಪವನ್ ಸೆಹ್ರಾವತ್ ಅವರ ಕತೆಯನ್ನೇ ನೋಡಿ. 2022ರ ಹರಾಜಿನಲ್ಲಿ 2 ಕೋಟಿ 26 ಲಕ್ಷ. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಗಿ ಇಡೀ ಋತು ಹೊರಗೆ. 2023ರಲ್ಲಿ 2 ಕೋಟಿ 60 ಲಕ್ಷಕ್ಕೂ ಮೇಲೆ. 2025ರಲ್ಲಿ 59.5 ಲಕ್ಷ. ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ರೈಲ್ವೆ ಪರ ಆಡಿದವರು, ಬಿದ್ದರೂ ಎದ್ದರು. ನನ್ನ ತಮ್ಮ ಅಕಾಡೆಮಿಯ ಮೊದಲ ತಿಂಗಳಲ್ಲೇ ಬಿದ್ದರೆ? ಈ ಭಯ ನನಗೂ ಇದೆ. ಚಿಕ್ಕಮ್ಮನಿಗೆ ರಾತ್ರಿ ನಿದ್ದೆ ಇಲ್ಲ.

ಆದರೆ ಈ ಭಯಕ್ಕೆ ಔಷಧ ಉಪದೇಶವಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲೂ ಇದೇ ಜಗಳ ದಶಕಗಟ್ಟಲೆ ನಡೆಯಿತು. ಹೈಸ್ಕೂಲು ಮುಗಿಸಿ ಮೂರು ವರ್ಷವಾಗುವವರೆಗೆ ವೃತ್ತಿಪರ ಲೀಗು ಸೇರುವಂತಿಲ್ಲ, ಕಾಲೇಜಿನಲ್ಲಿ ಆಡಿದ್ದಕ್ಕೆ ಸಂಭಾವನೆಯೂ ಇಲ್ಲ. ಬಡ ಹುಡುಗರು ಅವಕಾಶ ಸಿಕ್ಕ ಕೂಡಲೇ ಓದು ಬಿಟ್ಟು ಓಡುತ್ತಿದ್ದರು. 2021ರಲ್ಲಿ ಅವರ ಹೆಸರು, ಚಿತ್ರಗಳಿಗೆ ದುಡ್ಡು ಪಡೆಯಲು ಅನುಮತಿ ಸಿಕ್ಕಿತು, 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಅವಧಿಗೆ ಮುನ್ನ ಬಿಡುವವರ ಸಂಖ್ಯೆ ಇಳಿಯಿತು. ಅಲ್ಲಿನ ದುಡ್ಡಿನ ಅಬ್ಬರ ನಮಗೆ ಬೇಡ. ಹುಡುಗರು ಉಳಿದದ್ದು ಯಾರೋ ಬುದ್ಧಿ ಹೇಳಿದ್ದರಿಂದಲ್ಲ ಎಂಬುದಷ್ಟೇ ನನಗೆ ಮುಖ್ಯ.

ನಾನು ಕೇಳುತ್ತಿರುವುದು ತೀರಾ ಸಣ್ಣದು. ಕಾಲೇಜಿಗಾಗಿ ಆಡಿದ ದಿನಗಳಿಗೆ ಹಾಜರಾತಿ, ತಪ್ಪಿದ ಪರೀಕ್ಷೆಗೆ ಮರುಪರೀಕ್ಷೆ, ತಂಡದ ಪ್ರತಿಯೊಬ್ಬರಿಗೂ ಅಪಘಾತ ವಿಮೆ. ಮತ್ತು ಹೋದವನು ಮರಳಿ ಬರಲು ಒಂದು ಬಾಗಿಲು. ಗಳಿಸಿದ ಕ್ರೆಡಿಟ್‌ಗಳನ್ನು 7 ವರ್ಷದವರೆಗೆ ಕಾಪಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅನ್ನು ಯುಜಿಸಿ 2021ರಲ್ಲೇ ತಂದಿದೆ. ಇಲ್ಲಿ ಎನ್‌ಇಪಿ ಬಂದದ್ದೂ ಆಯಿತು, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ್ದೂ ಆಯಿತು. ಹುಡುಗನ ಪ್ರಶ್ನೆ ಹಾಗೇ ಉಳಿಯಿತು: "ಆಗ್ಲಿಲ್ಲ ಅಂದ್ರೆ ವಾಪಸ್ ಸೇರಿಸ್ಕೊಂತಾರಾ ಅಕ್ಕ?"

ಕೇಳಲೆಂದು ಹೋದ ವಾರ ನಾನೇ ಅವನ ಕಾಲೇಜಿನ ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಒಳ್ಳೆಯವರು, ಕೂರಿಸಿ ಟೀ ತರಿಸಿದರು. "ಹಿಂಗೆ ಯಾರೂ ಕೇಳಿಲ್ಲ ಮೇಡಂ. ಬಿಡೋರು ಟಿ.ಸಿ. ತಗೊಂಡು ಹೋಗ್ತಾರೆ" ಅಂದರು. ಟಿ.ಸಿ. ಬೇಡ ಎಂದೆ. ಎರಡು ವರ್ಷ ಬಿಡುವು ಕೊಟ್ಟು, ಐದನೇ ಸೆಮಿಸ್ಟರಿಗೆ ಮರಳಿ ಸೇರಿಸಿಕೊಳ್ಳಿ ಎಂದು ಅಲ್ಲೇ ಕೂತು ಅರ್ಜಿ ಬರೆದೆ, ಅವನು ಸಹಿ ಹಾಕಿದ. ಈ ಸೆಮಿಸ್ಟರಿನ ಪರೀಕ್ಷೆ ಬರೆದೇ ಹೊರಡುತ್ತಾನಂತೆ. ಅಕಾಡೆಮಿಯವರೂ ಅಲ್ಲಿಯವರೆಗೆ ಒಪ್ಪಿದ್ದಾರೆ. ಅರ್ಜಿ ಪ್ರಾಂಶುಪಾಲರ ಮೇಜಿನ ಮೇಲಿದೆ, ಸ್ವೀಕೃತಿಯ ಮುದ್ರೆ ಇನ್ನೂ ಬಿದ್ದಿಲ್ಲ. ಸೋಮವಾರ ಮತ್ತೆ ಹೋಗಬೇಕು.