ಬೆನ್ನುಡಿಯ ಮಾತು ಸಾಕು

ಮಾನ್ಯ ಸಂಪಾದಕರೇ,

ಓದುಗರು ಈಚೆಗೆ ಓದಿದ ಪುಸ್ತಕಗಳ ಬಗ್ಗೆ ಬರೆಯುವ ಪುಟವನ್ನೇ ನಾನು ಮೊದಲು ತೆರೆಯುವುದು. ಆದರೆ ಅಲ್ಲಿ ಬರುವ ಮುಕ್ಕಾಲು ಪಾಲು ಅಭಿಪ್ರಾಯಗಳು ಬೆನ್ನುಡಿಯ ನಕಲಿನಂತಿರುತ್ತವೆ. ‘ಮನಮುಟ್ಟುವ ಕೃತಿ’, ‘ಎಲ್ಲರೂ ಓದಲೇಬೇಕು’ ಎಂದರೆ ದುಡ್ಡು ಕೊಟ್ಟು ಕೊಳ್ಳುವವರಿಗೆ ಏನು ತಿಳಿದೀತು?

ನಾನೇ ಒಂದು ಪುಸ್ತಕದ ಬಗ್ಗೆ ಹೇಳುತ್ತೇನೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲೇ ಬಂದದ್ದು. ನಾನು ಓದಿದ್ದು ಮೊನ್ನೆ. ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಬೆಂಗಳೂರಿನ ಕುಟುಂಬವೊಂದರ ಕತೆ. ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಇವರು ಸಾರುವ ಯುದ್ಧ ಮೊದಲು ನಗು ತರಿಸುತ್ತದೆ. ಕೊಲ್ಲುವುದರಲ್ಲೇ ಮನೆಮಂದಿಗೆ ಖುಷಿ ಸಿಗತೊಡಗಿದಾಗ ಮೈ ಜುಮ್ಮೆನ್ನುತ್ತದೆ. ಕತೆ ಹೇಳುವವನ ಚಿಕ್ಕಪ್ಪನಿಗೆಂದು ಅಡುಗೆ ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬೈದು ಅಟ್ಟುತ್ತಾರೆ, ಗಂಡಸರು ಸುಮ್ಮನಿರುತ್ತಾರೆ. ಇಡೀ ಪುಸ್ತಕದ ಜೀವ ಈ ದೃಶ್ಯದಲ್ಲಿದೆ.

ತಕರಾರೂ ಇದೆ. ಕಾಫಿ ಹೌಸಿನ ವಿನ್ಸೆಂಟ್ ಕೆಲವೆಡೆ ಮಾಣಿಗಿಂತ ಹೆಚ್ಚಾಗಿ ಜ್ಯೋತಿಷಿಯಂತೆ ಮಾತಾಡುತ್ತಾನೆ. ಮನೆಯ ಸೊಸೆ ಅನಿತಾಳಿಗೆ ಇನ್ನಷ್ಟು ಪುಟ ಸಲ್ಲಬೇಕಿತ್ತು. ಅಲ್ಲಿ ನೇರ ಮಾತಾಡುವವಳು ಅವಳೊಬ್ಬಳೇ.

ಹೊಗಳಿಕೆಯ ಜೊತೆ ಇಂಥ ತಕರಾರುಗಳನ್ನೂ ದಯವಿಟ್ಟು ಅಚ್ಚು ಹಾಕಿ. ಪ್ರಕಾಶಕರ ಹೆಸರು, ಬೆಲೆ ಕೊಟ್ಟರೆ ನಮ್ಮಂಥ ಸಣ್ಣ ಊರಿನವರಿಗೆ ತರಿಸಿಕೊಳ್ಳಲು ಅನುಕೂಲ.

– ಒಬ್ಬ ಓದುಗ, ಸಾಗರ