ಹಗುರ ಅಂದ ಮಾತ್ರಕ್ಕೆ ಹುಸಿಯಲ್ಲ

ಅಬ್ಬಾಸ್ ಟೈರ್‌ವಾಲಾ ನಿರ್ದೇಶನದ ‘ಜಾನೇ ತೂ ಯಾ ಜಾನೇ ನಾ’ ತೆರೆಗೆ ಬಂದದ್ದು 2008ರ ಜುಲೈ 4ರಂದು. ಕಾಲೇಜಿನ ಜೀವದ ಗೆಳೆಯರಾದ ಜೈ ಮತ್ತು ಅದಿತಿ ತಮ್ಮದು ಬರೀ ಸ್ನೇಹ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿ, ಬೇರೆಯವರ ಜೊತೆ ಬಾಳಲು ಹೊರಟಾಗ ಮಾತ್ರ ಅದು ಪ್ರೀತಿಯೆಂದು ಕಂಡುಕೊಳ್ಳುವ ಕತೆ ಅದು. ಇಷ್ಟು ವರ್ಷ ಕಳೆದರೂ ನಮ್ಮ ಕೊಳ್ಳೇಗಾಲದ ಕಡೆ ಸಿನಿಮಾ ಮಾತು ಎದ್ದು, ಯಾರಾದರೂ ಈ ಚಿತ್ರ ಇಷ್ಟವೆಂದರೆ ಬುದ್ಧಿವಾದ ತಪ್ಪಿದ್ದಲ್ಲ. ಬುದ್ಧಿ ಹೇಳುವವರು ಸಾಮಾನ್ಯರಲ್ಲ. ಓದಿಕೊಂಡವರು, ಚಳವಳಿ ಕಂಡವರು, ಕನ್ನಡಕ್ಕಾಗಿ ಮನಸ್ಸು ಮಿಡಿಯುವವರು. ಹಾಗಾಗಿ ಅವರ ಮಾತನ್ನು ಕೇಳಿ ಸುಮ್ಮನಾಗುವುದು ಅವರಿಗೂ ಗೌರವವಲ್ಲ, ಚಿತ್ರಕ್ಕೂ ನ್ಯಾಯವಲ್ಲ. ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

1. ‘ಕೊನೆ ಏನೆಂದು ಮೊದಲೇ ಗೊತ್ತು. ಇನ್ನು ನೋಡುವುದೇನಿದೆ?’

ಮಾದಪ್ಪನ ಕತೆಯ ಕೊನೆ ಗೊತ್ತಿಲ್ಲದವರು ಹನೂರು ಸೀಮೆಯಲ್ಲಿ ಯಾರಿದ್ದಾರೆ? ಶ್ರವಣ ದೊರೆ ಸೋಲುತ್ತಾನೆ, ಮಾದಪ್ಪ ಏಳುಮಲೆಯಲ್ಲಿ ನೆಲೆಯಾಗುತ್ತಾನೆ. ಆದರೂ ಕಂಸಾಳೆಯವರು ಹಾಡಲು ಕೂತರೆ ಜನ ಬೆಳಗಿನ ಜಾವದವರೆಗೂ ಕದಲುವುದಿಲ್ಲ. ಅವರು ಬಂದದ್ದು ಮುಂದೇನಾಯಿತು ಎಂದು ತಿಳಿಯಲಿಕ್ಕಲ್ಲ, ಅದು ಆಗುವ ಬಗೆಯನ್ನು ಕಣ್ಣಾರೆ ಕಾಣಲಿಕ್ಕೆ.

ಈ ಚಿತ್ರದ ಕಟ್ಟೂ ಅಂಥದ್ದೇ. ವಿಮಾನ ನಿಲ್ದಾಣದಲ್ಲಿ ಯಾರನ್ನೋ ಎದುರುಗೊಳ್ಳಲು ಕಾದಿರುವ ಗೆಳೆಯರು, ಗುಂಪಿಗೆ ಹೊಸಬಳಾದ ಮಾಲಾ ಎಂಬುವಳಿಗೆ ಜೈ-ಅದಿತಿಯರ ಕತೆ ಹೇಳುತ್ತಾರೆ. ಒಬ್ಬ ಬಿಟ್ಟ ಕಡೆಯಿಂದ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಪ್ರೇಮಕತೆ ಎಂದರೆ ಅಷ್ಟಕ್ಕಷ್ಟೆ ಎನ್ನುವ ಮಾಲಾ ಮೊದಮೊದಲು ಬೇಸರದಿಂದ ಬಾಯಿ ಹಾಕುತ್ತಾಳೆ, ಆಮೇಲೆ ತಾನೇ ಮುಂದೇನೆಂದು ಕೇಳತೊಡಗುತ್ತಾಳೆ. ಹೇಳುವವರೂ ಹೂಂಗುಟ್ಟುವವರೂ ಸೇರಿ ಕತೆ ಕಟ್ಟುವ ಈ ಕ್ರಮ ನಮಗೆ ಹೊಸದಲ್ಲ.

ಅದಿತಿಯ ಅಪ್ಪ-ಅಮ್ಮ ಜೈನನ್ನು ಕರೆಸಿ ಮದುವೆಯ ಮಾತೆತ್ತುವ ದೃಶ್ಯ ನೆನಪಿಸಿಕೊಳ್ಳಿ. ಇಬ್ಬರಿಗೂ ನಗು ತಡೆಯಲಾಗುವುದಿಲ್ಲ. ನಾವಿಬ್ಬರು ಹಾಗಲ್ಲ ಎಂದು ಒಟ್ಟಿಗೆ ಸಾಧಿಸುತ್ತಾರೆ. ಹೆತ್ತವರಿಗೆ ಗೊತ್ತು, ಗೆಳೆಯರಿಗೆ ಗೊತ್ತು, ನೋಡುತ್ತಿರುವ ನಮಗೆ ಗೊತ್ತು, ಗೊತ್ತಿಲ್ಲದವರು ಅವರಿಬ್ಬರೇ. ಅವರಿಗೆ ಯಾವಾಗ ಗೊತ್ತಾದೀತು ಎಂಬ ಕಾತರದ ಮೇಲೆ ಇಡೀ ಚಿತ್ರ ನಿಂತಿದೆ. ಕೊನೆ ಮುಚ್ಚಿಟ್ಟಿದ್ದರೆ ಈ ಸೊಗಸೇ ಇರುತ್ತಿರಲಿಲ್ಲ.

2. ‘ಹಗುರ ಚಿತ್ರ. ಬದುಕಿನ ಗಂಭೀರ ಪ್ರಶ್ನೆಗೆ ಇದರಲ್ಲಿ ಜಾಗವಿಲ್ಲ.’

ಈ ಮಾತಿಗೆ ಉತ್ತರಿಸಲು ಈ ಚಿತ್ರಕ್ಕಿಂತ ಇಪ್ಪತ್ತು ವರ್ಷ ಹಿಂದೆ ಹೋಗಬೇಕು. 1988ರಲ್ಲಿ ಮನ್ಸೂರ್ ಖಾನ್ ನಿರ್ದೇಶಿಸಿದ, ಆಮಿರ್ ಖಾನ್ ನಾಯಕನಾದ ‘ಖಯಾಮತ್ ಸೇ ಖಯಾಮತ್ ತಕ್’ನಲ್ಲಿ ಎರಡು ಠಾಕೂರ್ ಮನೆತನಗಳ ಹಗೆ ಕೊನೆಗೆ ಇಬ್ಬರು ಪ್ರೇಮಿಗಳ ಜೀವ ತೆಗೆಯಿತು. ಅದರಲ್ಲಿ ಆಮಿರ್‌ನ ಬಾಲ್ಯದ ಪಾತ್ರ ಮಾಡಿದ್ದ ಹುಡುಗ ಇಮ್ರಾನ್ ಖಾನ್. ಅದೇ ಮನ್ಸೂರ್ ಮತ್ತು ಆಮಿರ್ ‘ಜಾನೇ ತೂ’ವಿನ ನಿರ್ಮಾಪಕರು, ಅದೇ ಇಮ್ರಾನ್ ಇದರ ಜೈ. ಒಂದೇ ಮನೆಯವರು ಮೊದಲು ಮನೆತನದ ಮಾನಕ್ಕೆ ಮಕ್ಕಳು ಸಾಯುವುದನ್ನು ತೋರಿಸಿದರು, ಆಮೇಲೆ ಆ ಮಾನವನ್ನೇ ನಗೆಗೀಡು ಮಾಡಿದರು. ಎರಡನೆಯದು ಸುಲಭದ ಕೆಲಸ ಎಂದು ಯಾರೂ ತಿಳಿಯಬಾರದು.

ಜೈನ ಮನೆಯ ಗೋಡೆಯ ಮೇಲಿನ ಪಟವನ್ನು ನೋಡಿ. ತೀರಿಹೋದ ಅಪ್ಪ ಅಮರ್ ಸಿಂಗ್ ರಾಠೋಡ್, ಅಂದರೆ ನಸೀರುದ್ದೀನ್ ಶಾ, ಮೀಸೆ ತಿರುವಿಕೊಂಡು ಚೌಕಟ್ಟಿನೊಳಗಿಂದಲೇ ಹೆಂಡತಿಯನ್ನು ಕೆಣಕುತ್ತಾನೆ. ನಮ್ಮ ವಂಶದ ಗಂಡಸಾದವನು ಕುದುರೆ ಏರಬೇಕು, ಯಾರಿಗಾದರೂ ಬಾರಿಸಬೇಕು, ಜೈಲು ಕಾಣಬೇಕು, ನಿನ್ನ ಮಗನೂ ಇದನ್ನು ಮಾಡಿಯೇ ತೀರುತ್ತಾನೆ ಎಂದು ಪಂಥ ಕಟ್ಟುತ್ತಾನೆ. ಹೆಂಡತಿ ಸಾವಿತ್ರಿ, ಅಂದರೆ ರತ್ನಾ ಪಾಠಕ್ ಶಾ, ಮನೆಗೆಲಸದ ನಡುವೆಯೇ ಪಟಕ್ಕೆ ಮಾತಿಗೆ ಮಾತು ಕೊಡುತ್ತಾಳೆ. ಗಂಡನನ್ನು ಹಿಂಸೆಗೆ ಬಲಿಕೊಟ್ಟು, ಮಗನ ಕೈ ಯಾರ ಮೇಲೂ ಏಳದಂತೆ ಬೆಳೆಸಿದ ವಿಧವೆ ಆಕೆ. ನಾವು ನಗುತ್ತೇವೆ ನಿಜ. ಆದರೆ ನಗುತ್ತಿರುವುದು ಯಾವುದಕ್ಕೆ? ಸತ್ತ ಮೇಲೂ ಗೋಡೆ ಬಿಟ್ಟಿಳಿಯದ ಗಂಡಸುತನದ ಜಂಬಕ್ಕೆ. ಇದಕ್ಕಿಂತ ಗಂಭೀರ ಪ್ರಶ್ನೆ ಇನ್ನಾವುದು?

ಕೊನೆಗೆ ಜೈ ಮೂರನ್ನೂ ಮಾಡಿಯೇಬಿಡುತ್ತಾನಲ್ಲ ಎಂದು ಕೆಲವರು ತಿರುಗಿಸಿ ಕೇಳುತ್ತಾರೆ. ಮಾಡುತ್ತಾನೆ. ಹೊಡೆಯುವುದು ಅದಿತಿಯ ಕೆನ್ನೆಯ ಗಾಯ ಕಂಡ ಮೇಲೆ. ಕುದುರೆ ಏರುವುದು ದಂಡೆತ್ತಿ ಹೋಗಲಿಕ್ಕಲ್ಲ, ಅವಳ ವಿಮಾನ ಹೊರಡುವ ಮೊದಲು ಮನಸ್ಸು ಬಿಚ್ಚಿಡಲಿಕ್ಕೆ. ಹಳೆಯ ಶೌರ್ಯದ ಪಟ್ಟಿ ಹಾಗೇ ಉಳಿಯಿತು, ಅದರ ಉದ್ದೇಶ ಪೂರ್ತಿ ಬದಲಾಯಿತು.

ಆ ಗಾಯದ ವಿಷಯಕ್ಕೆ ಬರೋಣ. ಮದುವೆ ನಿಶ್ಚಯವಾಗಿದ್ದ ಸುಶಾಂತ್ ಕೈ ಮಾಡಿದ ಮೇಲೆ ಅದಿತಿ ಆ ಸಂಬಂಧವನ್ನು ತಾನೇ ಮುರಿಯುತ್ತಾಳೆ. ಹೊಂದಿಕೊಂಡು ಹೋಗು ಎಂಬ ಪಾಠ ಚಿತ್ರದಲ್ಲೆಲ್ಲೂ ಇಲ್ಲ. ನಮ್ಮ ಮಾದಪ್ಪನ ಕಾವ್ಯದ ಸಂಕಮ್ಮನನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳಿದ, ಕೊಡಲೊಪ್ಪದಿದ್ದಾಗ ಅವಳನ್ನು ಹಿಂಸಿಸಿದ. ಜನಪದರು ನಿಂತದ್ದು ಸಂಕಮ್ಮನ ಪಕ್ಕ, ದೇವರನ್ನು ನಿಲ್ಲಿಸಿದ್ದೂ ಅವಳ ಪಕ್ಕ. ಆ ಸಾಲನ್ನು ಕೇಳಿ ಕಣ್ಣೀರಿಟ್ಟವರು ಅದಿತಿಯ ನಿರ್ಧಾರವನ್ನು ಹಗುರವಾಗಿ ಕಾಣುವುದು ಹೇಗೆ?

ನೂಲು ತೆಳುವಾದಷ್ಟೂ ನೇಯುವ ಕೈ ಎಚ್ಚರವಾಗಿರಬೇಕು ಎಂಬುದು ರೇಷ್ಮೆ ಮಗ್ಗದ ಕೊಳ್ಳೇಗಾಲದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಈ ಚಿತ್ರದ ಹಗುರತನದ ಹಿಂದೆ ಇರುವುದು ಅಂಥ ಎಚ್ಚರವೇ.

3. ‘ಮುಂಬೈಯ ಉಳ್ಳವರ ಮಕ್ಕಳ ಆಟ. ನಮ್ಮ ಸೀಮೆಯ ವಾಸ್ತವ ಬೇರೆ.’

ಅರ್ಧ ಒಪ್ಪುತ್ತೇನೆ. ಈ ಹುಡುಗರಿಗೆ ಫೀಸಿನ ಚಿಂತೆಯಿಲ್ಲ, ಕೆಲಸದ ಚಿಂತೆ ಕಾಣುವುದಿಲ್ಲ, ಜಾತಿಯ ಸೊಲ್ಲೇ ಇಲ್ಲ. ಜಾತಿಯನ್ನು ಎದುರಿಸುವ ಚಿತ್ರಗಳು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಒಂದು ಚಿತ್ರ ಎಲ್ಲವನ್ನೂ ಹೊತ್ತಿಲ್ಲ ಎಂದು ಅದು ಹೊತ್ತದ್ದನ್ನೂ ಕೆಳಗೆಸೆಯುವುದು ಸಲ್ಲದು.

ಇನ್ನರ್ಧವನ್ನು ಒಪ್ಪಲಾರೆ. ಹೊರಗಿನವರು ಹನೂರು, ರಾಮಾಪುರ, ಗೋಪಿನಾಥಂ ಹೆಸರು ಕೇಳಿದ್ದು ವೀರಪ್ಪನ್‌ನಿಂದ. 1992ರ ರಾಮಾಪುರ ಪೊಲೀಸ್ ಠಾಣೆಯ ದಾಳಿ, 2000ದಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣ, 108 ದಿನಗಳ ಆ ಒತ್ತೆ. 2013ರಲ್ಲಿ ‘ಅಟ್ಟಹಾಸ’ ಎಂಬ ಸಿನಿಮಾವೂ ಆಯಿತು. ಬಂದೂಕು, ಕಾಡು, ಹೆಣ: ತೆರೆಯ ಮೇಲೆ ನಮ್ಮ ಪಾಲಿಗೆ ಬಂದದ್ದು ಇಷ್ಟು. ಇದನ್ನೆಲ್ಲ ಉಂಡ ಜನಕ್ಕೆ ಒಂದು ಸಂಜೆ ಮನಸಾರೆ ನಕ್ಕು ಬರುವ ಹಕ್ಕಿಲ್ಲವೇ? ಕಷ್ಟದಲ್ಲಿರುವವರಿಗೆ ಕಷ್ಟದ ಕತೆಯೇ ಸಾಕು ಎನ್ನುವುದು ಕಾಳಜಿಯಂತೆ ಕಂಡರೂ ಅದರೊಳಗೆ ತಾತ್ಸಾರವಿದೆ.

ವಾಸ್ತವದ ಮಾತೇ ಆಡುವುದಾದರೆ ಇದನ್ನೂ ನೋಡಿ. ಯಳಂದೂರಿನಿಂದ ಮಾಂಬಳ್ಳಿ ದಾಟಿ ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗಿ, ಜೊತೆಗೆ ಓದುವ ಹುಡುಗನ ಕೈಯಿಂದ ನೋಟ್ಸ್ ಪಡೆದರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿರುತ್ತದೆ. ಮಾರನೆಯ ದಿನ ಅವರಿಬ್ಬರೂ ಮುಖ ತಿರುಗಿಸಿಕೊಂಡು ನಿಲ್ಲಬೇಕಾಗುತ್ತದೆ. ಅಂಥವರ ಮುಂದೆ, ಗಂಡೂ ಹೆಣ್ಣೂ ಒಂದೇ ಗುಂಪಿನಲ್ಲಿ ಕೂತು, ಅದಿತಿಯ ಬೆಕ್ಕು ಸತ್ತಿತೆಂದು ಎಲ್ಲರೂ ಸೇರಿ ಹಾಡಿ ಅವಳನ್ನು ಸಮಾಧಾನ ಮಾಡುವ ದೃಶ್ಯ ಬಂದರೆ ಅದು ಶ್ರೀಮಂತರ ಆಟವಾಗಿ ಕಾಣುವುದಿಲ್ಲ. ತಮಗೂ ಸಲ್ಲಬೇಕಾದ ಒಂದು ಬದುಕಾಗಿ ಕಾಣುತ್ತದೆ.

4. ‘ಇದು ನಮ್ಮ ಸಂಸ್ಕೃತಿಯಲ್ಲ.’

ಯಳಂದೂರಿನ ಸಂಚಿ ಹೊನ್ನಮ್ಮನ ನೆಲದಲ್ಲಿ ನಿಂತು ಈ ಮಾತು ಹೇಳುವವರಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಆಕೆ ‘ಹದಿಬದೆಯ ಧರ್ಮ’ ಬರೆದಳು, ಪತಿವ್ರತೆಯ ನಡೆಯನ್ನು ಹೇಳಿದಳು ಎಂಬುದು ನಿಜ. ಅದೇ ಕಾವ್ಯದಲ್ಲಿ ಹೆಣ್ಣೆಂದು ಹೀಗಳೆಯುವವರನ್ನು ಆಕೆ ಗದರಿದ್ದೂ ಅಷ್ಟೇ ನಿಜ. ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ಹೊನ್ನಮ್ಮನಿಗೆ ಮಾಡುವ ಅನ್ಯಾಯ.

ಹೊನ್ನಮ್ಮನ ಊರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ದೂರವೇನಿಲ್ಲ. ಅಲ್ಲಿ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ವರಿಸಿದ ಎಂದು ಇಂದಿಗೂ ಹಾಡುತ್ತಾರೆ. ಆ ನಂಟಿನಿಂದ ಸೋಲಿಗರಿಗೆ ಆತ ಭಾವ. ಭಾವನೆಂದ ಮೇಲೆ ಕೈ ಮುಗಿಯುವುದೂ ಉಂಟು, ಕಾಲೆಳೆಯುವುದೂ ಉಂಟು. ಇನ್ನು, ಒಪ್ಪಿದ ಹುಡುಗ-ಹುಡುಗಿ ಓಡಿಹೋಗಿ ಹಿಂತಿರುಗಿ ಬಂದರೆ, ಕುಲದ ಹಿರಿಯರು ತಪ್ಪುಕಾಣಿಕೆ ಕಟ್ಟಿಸಿ ಅವರನ್ನು ಗಂಡ-ಹೆಂಡತಿಯೆಂದು ಒಪ್ಪಿಕೊಳ್ಳುವ ಪದ್ಧತಿ ಸೋಲಿಗರಲ್ಲಿ ಮೊದಲಿನಿಂದ ಇದೆ. ಇಬ್ಬರ ಒಪ್ಪಿಗೆ ದೊಡ್ಡದು, ದಂಡ ಚಿಕ್ಕದು. ಮೆಚ್ಚಿ ಕೂಡುವುದನ್ನು ದೇವರ ಕತೆಯಲ್ಲೂ ದಿನದ ಬದುಕಿನಲ್ಲೂ ಇಟ್ಟುಕೊಂಡು ಬಾಳಿದ ಬೆಟ್ಟ ಕಣ್ಣೆದುರಿಗೇ ಇರುವಾಗ, ಸಲುಗೆಯ ಪ್ರೀತಿ ಮುಂಬೈಯಿಂದ ಬಂದ ರೋಗ ಎಂದರೆ ನಂಬುವವರಾರು?

5. ‘ಕನ್ನಡ ಬಿಟ್ಟು ಹಿಂದಿ ಚಿತ್ರವನ್ನು ಹೊಗಳುವುದೇಕೆ?’

ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡವನ್ನು ಉಳಿಸಿಕೊಂಡದ್ದು ನಮಗೆ ಪುಸ್ತಕದ ಪಾಠವಲ್ಲ, ಮನೆಯ ಕತೆ. ಹಿಂದಿಯನ್ನು ಕಚೇರಿಯಲ್ಲಿ, ಪರೀಕ್ಷೆಯಲ್ಲಿ ಹೇರಿದರೆ ವಿರೋಧಿಸುವವರ ಸಾಲಿನಲ್ಲಿ ನಾನೂ ಇದ್ದೇನೆ. ಹೇರಿಕೆ ಬೇರೆ, ಒಂದು ಒಳ್ಳೆಯ ಚಿತ್ರ ಬೇರೆ. ಇದೇ ಅದಿತಿ, ಮಂಗಳೂರು ಮೂಲದ ಕುಟುಂಬದ ಜೆನಿಲಿಯಾ ಡಿಸೋಜಾ, ಅದೇ 2008ರಲ್ಲಿ ಶಿವರಾಜ್‌ಕುಮಾರ್ ಜೊತೆ ಕನ್ನಡದ ‘ಸತ್ಯ ಇನ್ ಲವ್’ನಲ್ಲಿ ಕಾಣಿಸಿಕೊಂಡರು.

ಈ ಚಿತ್ರವನ್ನು ಕನ್ನಡದ ಪಕ್ಕ ಇಟ್ಟು ನೋಡಿದರೆ ನಮಗೇ ಲಾಭ. 2006ರ ಕೊನೆಯಲ್ಲಿ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯನ್ನು ನಾವೆಲ್ಲ ಎದೆಗಪ್ಪಿಕೊಂಡೆವು, ನಾನೂ ಅಪ್ಪಿಕೊಂಡೆ. ಅದರಲ್ಲಿ ಪ್ರೀತಂ ತಾನು ಪ್ರೀತಿಸಿದ ನಂದಿನಿಯನ್ನು ಬೇರೊಬ್ಬನಿಗೆ ಬಿಟ್ಟುಕೊಟ್ಟು ಹೊರಡುತ್ತಾನೆ. ತ್ಯಾಗ ದೊಡ್ಡದೇ, ಆದರೆ ನಂದಿನಿಯ ಬಾಳನ್ನು ತೀರ್ಮಾನಿಸಿದ್ದು ಯಾರು? ‘ಜಾನೇ ತೂ’ವಿನಲ್ಲಿ ಯಾರೂ ಯಾರನ್ನೂ ಬಿಟ್ಟುಕೊಡುವುದಿಲ್ಲ, ಏಕೆಂದರೆ ಅದಿತಿ ಯಾರ ಕೈಯಲ್ಲೂ ಇರುವ ವಸ್ತುವಲ್ಲ. ಸಂಬಂಧ ಮುರಿಯುವುದೂ ಅವಳೇ, ಓದಲು ನ್ಯೂಯಾರ್ಕಿಗೆ ಹೊರಡುವುದೂ ಅವಳೇ. ಇಂಥ ನಾಯಕಿಯರು ಕನ್ನಡದಲ್ಲೂ ಬೇಕೆಂದು ಕೇಳುವುದು ಕನ್ನಡದ ಮೇಲಿನ ಪ್ರೀತಿಯೇ.

6. ‘ಗೆಳತಿಯಾದವಳು ಕೊನೆಗೆ ಪ್ರಿಯತಮೆ ಆಗಲೇಬೇಕು ಎಂದು ಹುಡುಗರಿಗೆ ಕಲಿಸುತ್ತದೆ.’

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಇದು. ನಕ್ಕು ಮಾತಾಡಿದವಳು ಒಲಿದೇ ಒಲಿಯುತ್ತಾಳೆ, ಒಲಿಯದಿದ್ದರೆ ಬೆನ್ನು ಹತ್ತು ಎಂದು ಕಲಿಸಿದ ಚಿತ್ರಗಳು ಎಲ್ಲ ಭಾಷೆಯಲ್ಲೂ ಬಂದಿವೆ. ಅದರಿಂದ ಕಾಲೇಜು ಬಿಟ್ಟ ಹುಡುಗಿಯರೂ ಇದ್ದಾರೆ. ಆ ಸಾಲಿಗೆ ಈ ಚಿತ್ರವನ್ನು ಸೇರಿಸುವ ಮೊದಲು ಜೈನ ನಡತೆಯನ್ನು ಒಮ್ಮೆ ಗಮನಿಸಬೇಕು.

ಜೈ ಅದಿತಿಯ ಹಿಂದೆ ಬೀಳುವುದಿಲ್ಲ, ಸ್ನೇಹದ ಮುಸುಕಿನಲ್ಲಿ ಹೊಂಚು ಹಾಕುವುದಿಲ್ಲ, ಇಷ್ಟು ದಿನ ಜೊತೆಗಿದ್ದೆನಲ್ಲ ಎಂದು ಲೆಕ್ಕ ಒಪ್ಪಿಸುವುದಿಲ್ಲ. ಬದಲಿಗೆ ಇಬ್ಬರೂ ಕೂತು ಒಬ್ಬರಿಗೊಬ್ಬರು ಸಂಗಾತಿ ಹುಡುಕಲು ಹೊರಡುತ್ತಾರೆ. ಅವನಿಗೆ ಮೇಘನಾ ಸಿಗುತ್ತಾಳೆ. ಕಣ್ಣಿಗೆ ಬಿದ್ದ ವಸ್ತುವನ್ನು ತೋರಿಸಿ ಇದೇನು ಹೇಳು ಎಂದು ಕಲ್ಪನೆಯ ಆಟ ಕಟ್ಟುವ ಹುಡುಗಿ ಅವಳು. ಆ ಆಟ ಮೊದಲು ಮುದ್ದಾಗಿ ಕಾಣುತ್ತದೆ. ಮನೆಯಲ್ಲಿ ಅಪ್ಪ-ಅಮ್ಮ ಒಬ್ಬರನ್ನೊಬ್ಬರು ಕುಟುಕುತ್ತಿರುವುದನ್ನು ಕಂಡಾಗ, ಅವಳು ಆ ಆಟದೊಳಗೆ ಅಡಗಿಕೊಂಡಿದ್ದಾಳೆಂದು ಜೈಗೆ ಅರ್ಥವಾಗುತ್ತದೆ. ಚಿತ್ರ ಅವಳನ್ನು ಗೇಲಿ ಮಾಡುವುದಿಲ್ಲ, ಖಳನಾಯಕಿಯನ್ನಾಗಿಯೂ ಮಾಡುವುದಿಲ್ಲ. ಕನಿಕರದಿಂದ ನೋಡುತ್ತದೆ.

ಇನ್ನು ಪ್ರೀತಿಯ ಅರಿವು ಎಲ್ಲಿಂದ ಬಂತು? ಬೇರೆಯವರ ಜೊತೆ ಇದ್ದಾಗ ತಾವು ತಾವಾಗಿರಲು ಆಗುತ್ತಿಲ್ಲ ಎಂಬ ಅನುಭವದಿಂದ, ಅದೂ ಇಬ್ಬರಿಗೂ. ಅದಿತಿ ಬಾಯಿ ಬಡುಕಿ, ಸಿಡುಕಿ, ಜಗಳಕ್ಕೆ ಮೊದಲು. ಜೈ ತಣ್ಣಗಿನ ಹುಡುಗ. ಅವಳು ಬೈದರೆ ಅವನ ಗಂಡಸುತನ ಮುಕ್ಕಾಗುವುದಿಲ್ಲ, ಅವನು ಸುಮ್ಮನಿದ್ದರೆ ಅವಳಿಗೆ ಅಸಡ್ಡೆಯಾಗುವುದಿಲ್ಲ. ಹೆದರಿಕೆಯಿಲ್ಲದೆ ಜಗಳವಾಡಬಹುದಾದ ಜಾಗದಲ್ಲೇ ಮದುವೆ ಬಾಳೀತು ಎಂದು ಈ ಚಿತ್ರ ನಂಬುತ್ತದೆ. ಹುಡುಗರಿಗೆ ಇದರಿಂದ ಕಲಿಯಲು ಇರುವುದು ಬೆನ್ನು ಹತ್ತುವುದನ್ನಲ್ಲ, ಹೆಣ್ಣನ್ನು ಮೊದಲು ಸರೀಕಳೆಂದು ಕಾಣುವುದನ್ನು.

ವಿರೋಧಿಸುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಈ ಚಿತ್ರವನ್ನು ಮನೆಯ ಹದಿಹರೆಯದ ಮಕ್ಕಳ ಜೊತೆ ಕೂತು ನೋಡಿ, ನೋಡಿದ ಮೇಲೆ ಅವರನ್ನು ಮಾತಾಡಲು ಬಿಡಿ. ನಿನಗೆ ಗೆಳೆಯರಿದ್ದಾರಾ, ಗೆಳತಿಯರಿದ್ದಾರಾ ಎಂದು ಬೈಯುವ ದನಿಯಲ್ಲದೆ ಕೇಳಿ. ಆ ಪ್ರಶ್ನೆಗೆ ಅವರು ಹೆದರದೆ ಉತ್ತರಿಸಿದರೆ, ನಮ್ಮ ಮಕ್ಕಳಿಗೆ ಮೇಷ್ಟ್ರು ಹೇಳದ, ನಾವೂ ಹೇಳಲಾರದ ಮಾತಿಗೆ ಈ ಹಗುರ ಚಿತ್ರ ಬಾಗಿಲು ತೆರೆದಂತೆ. ಅಷ್ಟು ಮಾಡಬಲ್ಲ ಚಿತ್ರವನ್ನು ನಾನು ಸಣ್ಣದೆಂದು ಕರೆಯಲಾರೆ, ನೀವೂ ಕರೆಯಬಾರದು.