ಬೆಕ್ಕು ಸೀನಿದ್ರೆ ಮಾತ್ರೆ ಡಬ್ಬ ತೆಗೀಬೇಡಿ

ನಮ್ಮ ಕಡೆ ಒಂಟಿ ಸೀನು ಅಪಶಕುನ, ಎರಡನೆಯದು ಬಂದ್ರೆ ದೋಷ ಹೋಯ್ತು ಅಂತಾರೆ. ಬೆಕ್ಕಿನ ವಿಷಯದಲ್ಲಿ ಲೆಕ್ಕ ಉಲ್ಟಾ. ಒಂದೆರಡು ಸೀನಿಗೆ ಊದಿನಕಡ್ಡಿ, ಸೊಳ್ಳೆ ಬತ್ತಿ ಹೊಗೆ, ಡಿಯೋಡ್ರೆಂಟ್, ವಾರಗಟ್ಟಲೆ ಗುಡಿಸದ ನಮ್ಮ ರೂಮಿನ ಧೂಳು, ಯಾವುದಾದರೂ ಸಾಕು. ದಿನವಿಡೀ ಸೀನುತ್ತಾ ಕಣ್ಣು, ಮೂಗು ಸೋರತೊಡಗಿದರೆ ಮಾತ್ರ ಅದು ಕಾಯಿಲೆ.

ಹಾಸ್ಟೆಲುಗಳಲ್ಲಿ ಆಗ ನಡೆಯೋದೇನು? ಮೊದಲು ಒಂದು ರೀಲ್. ಆಮೇಲೆ ಯಾರೋ ಪುಣ್ಯಾತ್ಮ "ಪಾಪ, ನೆಗಡಿ ಕಣೋ" ಅಂತ ಅರ್ಧ ಡೋಲೋ ಪುಡಿಮಾಡಿ ಹಾಲಿಗೆ ಹಾಕ್ತಾನೆ. ರೀಲ್ ಬೇಕಾದ್ರೆ ಮಾಡ್ಕೊಳ್ಳಿ, ಈ ಎರಡನೇ ಕೆಲಸ ಮಾತ್ರ ನಿಲ್ಲಲೇಬೇಕು ಅಂತೀವಿ ನಾವು. ಪ್ಯಾರಸಿಟಮಾಲನ್ನು ಅಪಾಯವಿಲ್ಲದಂತೆ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಹಾಗಾಗಿ ಅದು ವಿಷವಾಗಿ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ, ರಕ್ತ ಆಮ್ಲಜನಕ ಹೊರಲಾರದು. ಒಸಡು ಕಂದುಗಟ್ಟುತ್ತದೆ, ಮುಖ ಊದುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಒಂದೇ ಮಾತ್ರೆ ಸಾಯಿಸಬಹುದು.

ಉಳಿದ ಆಂಟಿಬಯಾಟಿಕ್ ತಿನ್ನಿಸೋದೂ ಬೇಡ. ಬೆಕ್ಕಿನ ನೆಗಡಿಗೆ ಹೆಚ್ಚಾಗಿ ಕಾರಣ ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ವೈರಸ್‌ಗಳು. ಇವು ಬೆಕ್ಕಿನವೇ, ನಮಗೆ ಅಂಟಲ್ಲ. ಹರ್ಪಿಸ್ ಒಮ್ಮೆ ಬಂದರೆ ಜೀವನಪೂರ್ತಿ ಒಳಗೇ ಕೂತಿದ್ದು, ಒತ್ತಡ ಬಿದ್ದಾಗ ಮತ್ತೆ ತಲೆ ಎತ್ತುತ್ತದೆ. ಬ್ಯಾಕ್‌ಲಾಗ್ ಇದ್ದ ಹಾಗೆ.

ನಿಜಕ್ಕೂ ನೋಡಬೇಕಾದ್ದು ಊಟ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗಲ್ಲ, ವಾಸನೆ ಸಿಗದ ಊಟ ಅದು ಮುಟ್ಟಲ್ಲ. ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ಊಟ ಸ್ವಲ್ಪ ಬೆಚ್ಚಗೆ ಮಾಡಿಡಿ, ಉಗುರುಬೆಚ್ಚಗಿನ ನೀರಿನ ಹತ್ತಿಯಿಂದ ಮೂಗು ಒರೆಸಿ. 24 ಗಂಟೆ ಏನೂ ತಿನ್ನದಿದ್ರೆ, ಬಾಯಿ ತೆರೆದು ಉಸಿರಾಡ್ತಿದ್ರೆ, ಕ್ಲಾಸ್ ಬಂಕ್ ಮಾಡಿಯಾದ್ರೂ ಪಶುವೈದ್ಯರ ಹತ್ತಿರ ಕರ್ಕೊಂಡು ಹೋಗಿ.

"ಅದು ಯಾರ ಬೆಕ್ಕೂ ಅಲ್ವಲ್ಲ, ದುಡ್ಡು ಯಾರು ಕೊಡ್ತಾರೆ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಮೆಸ್ಸಿನ ಮೊಸರನ್ನ ಹಾಕಿ ಸಾಕಿದವರು ಫ್ಲೋರಿಗೆ ಇಪ್ಪತ್ತು ಜನ ಇದ್ದೀವಿ. ಆಟೋ, ಫೀಸು ಹಂಚಿಕೊಂಡರೆ ದೊಡ್ಡ ಹೊರೆಯಲ್ಲ. ಲಸಿಕೆಯೂ ಇದೆ. ಸೋಂಕು ಪೂರ್ತಿ ತಡೆಯದಿದ್ರೂ ಕಾಯಿಲೆಯ ಜೋರು ತಗ್ಗಿಸುತ್ತೆ. ಮರಿಗೆ 6-8 ವಾರ ಆದಾಗ ಶುರುಮಾಡಿ, 16 ವಾರ ಆಗೋವರೆಗೆ 3-4 ವಾರಕ್ಕೊಮ್ಮೆ ಹಾಕಿಸಬೇಕು. ಮುಂದಿನ ಫೆಸ್ಟಿಗೆ ಎರಡು ಫ್ಲೆಕ್ಸ್ ಕಮ್ಮಿ ಮಾಡಿ ಆ ದುಡ್ಡನ್ನ ಕ್ಯಾಂಟೀನ್ ಹಿಂದಿನ ಮರಿಗಳಿಗೆ ಎತ್ತಿಡೋಣ ಅನ್ನೋದು ನಮ್ಮ ಪ್ರಸ್ತಾಪ.